ತಕರಾರಿಲ್ಲದ ಕಾಗದ

ನಮ್ಮ ಊರಿನಲ್ಲಿ ಒಂದು ನಿಯಮವಿತ್ತು. ಹಿಂದಿನ ದೋಣಿಯಲ್ಲಿ ಹೋದವರ ಕಾಗದಗಳನ್ನು ಓದಿ ಮುಗಿಸಿದ ಮೇಲೆಯೇ ಮುಂದಿನ ದೋಣಿಯವರು ಹತ್ತಬೇಕು. ಉಳಿದ ನಿಯಮಗಳೆಲ್ಲ ಇದರ ಹಿಂದೆ ಹುಟ್ಟಿದವು. ಹೋದವರ ಬಗ್ಗೆ ಯಾರೂ ಕೇಳಬಾರದು, ಏಕೆಂದರೆ ಕಾಗದ ಬರುತ್ತದೆ. ಹೋಗುವವರು ಅಳಬಾರದು, ಏಕೆಂದರೆ ಕಾಗದ ಬಂದಿದೆ.

ಎಂಟು ದಿನಕ್ಕೊಂದು ದೋಣಿ. ಬೆಳಿಗ್ಗೆ ವಾದ್ಯದವರು ಬಂದು ಹೊಳೆಯ ಮೆಟ್ಟಿಲ ಬಳಿ ಕೂರುತ್ತಿದ್ದರು. ಹೊಳೆಬೀದಿಯ ನಲವತ್ತು ಐವತ್ತು ಮಂದಿ ಗಂಟುಮೂಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಕಾಗದ ಓದಲಾಗುತ್ತಿತ್ತು. ವಾದ್ಯ ನುಡಿಯುತ್ತಿತ್ತು. ದೋಣಿ ಹೋಗುತ್ತಿತ್ತು. ಆಚೆ ದಡದಲ್ಲಿ ಅವರಿಗೆಂದೇ ಒಂದು ಹೊಸ ಊರು ಕಟ್ಟಿದ್ದಾರೆ, ಅಲ್ಲಿಗೆ ಹೋಗಲು ಒಂದು ದಿನ, ಬರಲು ಒಂದು ದಿನ ಎಂದು ಫಲಕದಲ್ಲಿ ಬರೆದಿತ್ತು. ದೋಣಿ ಅದೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿಯಾಗಿ ಹಿಂದಿರುಗುತ್ತಿತ್ತು. ಅದರ ಹಲಗೆಗಳನ್ನು ತೊಳೆದಿರುತ್ತಿದ್ದರು. ನಾವು ಫಲಕವನ್ನು ಓದುತ್ತಿದ್ದೆವು, ದೋಣಿಯನ್ನು ನೋಡುತ್ತಿರಲಿಲ್ಲ.

ಹೊಳೆಬೀದಿಯವರು ಮಾಡಿದ್ದೇನು ಎಂದು ನೀವು ಕೇಳಬಹುದು. ಏನೂ ಇಲ್ಲ. ಅವರಿಂದ ಊರಿನ ನೀರು ಕೆಡುತ್ತಿದೆ ಎಂದು ಮೊದಲು ಗೋಡೆಗಳ ಮೇಲೆ ಬರೆದರು. ಆಮೇಲೆ ಮಕ್ಕಳ ಪಾಠದ ಪುಸ್ತಕದಲ್ಲಿ ಬರೆದರು. ಆಮೇಲೆ ನಾವು ಅವರ ಬಾವಿಯ ನೀರು ಕುಡಿಯುವುದನ್ನು ಬಿಟ್ಟೆವು. ಅದುವರೆಗೆ ಆ ನೀರು ಕುಡಿದು ಯಾರಿಗೂ ಹೊಟ್ಟೆ ನೊಂದಿರಲಿಲ್ಲ. ಬಿಟ್ಟ ಮೇಲೆ ಮಾತ್ರ ಎಲ್ಲರಿಗೂ ಹಳೆಯ ಹೊಟ್ಟೆನೋವುಗಳು ನೆನಪಾಗತೊಡಗಿದವು. ನನಗೂ ಒಂದು ನೆನಪಾಯಿತು.

ನಾನು ಕಾಗದದ ಕಚೇರಿಯ ನಕಲು ಗುಮಾಸ್ತ. ಬಹಳ ಭಯಸ್ಥ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಬಾಗಿಲು ಜೋರಾಗಿ ಮುಚ್ಚಿದರೂ ಎದ್ದು ನಿಲ್ಲುವ ಜಾತಿಯ ಮನುಷ್ಯ ನಾನು.

ಕಾಗದಗಳು ಹೇಗೆ ಬರುತ್ತಿದ್ದವು ಎಂದು ನನಗೆ ಗೊತ್ತಿತ್ತು. ಒಮ್ಮೆ ಮಸಿಯ ಡಬ್ಬಗಳನ್ನು ತಲುಪಿಸಲು ನನ್ನನ್ನೇ ಆಚೆ ದಡಕ್ಕೆ ಕಳಿಸಿದ್ದರು. ಇಳಿದ ಕೂಡಲೇ ಉದ್ದನೆಯ ಮೇಜು. ಮೇಜಿನ ಮೇಲೆ ಕಾಗದ, ಲೇಖನಿ. ಎದುರಿಗೆ ಕರಿಹಲಗೆ. ಹಲಗೆಯಲ್ಲಿದ್ದುದನ್ನು ಒಂದಕ್ಷರ ಬದಲಿಸದೆ ನಕಲು ಮಾಡಿ, ಕೆಳಗೆ ಹೆಸರು ಬರೆದು, ಮನೆಯವರಿಗೆ ಕಳಿಸಬೇಕು. ಆಮೇಲೆ ಸ್ನಾನ, ಆಮೇಲೆ ಊಟ ಎಂದು ಒಬ್ಬ ಮೆಲುದನಿಯವನು ಹೇಳುತ್ತಿದ್ದ. ಚಪ್ಪಲಿಗಳನ್ನು ಜೊತೆ ಮಾಡಿ ದಾರ ಕಟ್ಟಿ ಇಡಿ, ಹಿಂದಿರುಗುವಾಗ ಹುಡುಕಾಡಬಾರದಲ್ಲ ಎನ್ನುತ್ತಿದ್ದ. ಮೇಜಿನ ಹಿಂದೆ ಒಂದು ಎತ್ತರದ ಗೋಡೆ. ಗೋಡೆಯ ಮೇಲೆ ಒಂದು ಊರಿನ ಚಿತ್ರ: ಹೆಂಚಿನ ಮನೆಗಳು, ಕಿಟಕಿಯಲ್ಲಿ ಹೂಕುಂಡ, ಬಾಗಿಲಲ್ಲಿ ನಿಂತ ಬೆಕ್ಕು. ಗೋಡೆಯ ಆಚೆ ಏನಿತ್ತೋ ನಾನು ನೋಡಲಿಲ್ಲ. ಡಬ್ಬಗಳನ್ನು ಕೊಟ್ಟು, ರಸೀದಿಗೂ ಕಾಯದೆ, ದೋಣಿಯ ಕಡೆ ಓಡಿದೆ.

ಹಲಗೆಯ ಮೇಲಿನ ಒಕ್ಕಣೆಯನ್ನು ನಮ್ಮ ಕಚೇರಿಯಲ್ಲೇ ಮಾಡುತ್ತಿದ್ದೆವು. ಮೊದಲನೆಯದು ಹೀಗಿತ್ತು: ‘ನಾವೆಲ್ಲ ಸುಖವಾಗಿ ತಲುಪಿದ್ದೇವೆ. ಮನೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ. ನೀವೂ ಬೇಗ ಬನ್ನಿ.’ ದೊಡ್ಡ ಸಾಹೇಬರಿಗೆ ಇದು ತುಂಬ ಹಿಡಿಸಿತು. ಎರಡೆರಡು ಸಲ ಓದಿಸಿಕೊಂಡು, ಕಣ್ಣು ಮುಚ್ಚಿ ತಲೆದೂಗಿದರು.

ಮೊದಲ ದೋಣಿಯವರ ಕಾಗದ ಮೆಟ್ಟಿಲ ಮೇಲೆ ಓದಿದ ದಿನ ಹೊಳೆಬೀದಿಯವರು ಕಲ್ಲಾಗಿ ನಿಂತರು. ಕೈಬರಹ ತಮ್ಮವರದೇ. ಹೆಸರು ತಮ್ಮವರದೇ. ಆದರೂ ಒಬ್ಬ ಹೆಂಗಸು ನೆಲಕ್ಕೆ ಕುಸಿದಳು, ಹಿಂದೆಯೇ ಇನ್ನೊಬ್ಬಳು. ದೋಣಿ ಹತ್ತಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕಾವಲಿನವರು ಕೋಲು ಎತ್ತಬೇಕಾಯಿತು. ಕಿರುಚಾಟ ಮೇಲಿನ ಬೀದಿಗಳವರೆಗೂ ಕೇಳಿಸಿತು, ನಾವೆಲ್ಲ ಆ ಕಡೆಯ ಕಿಟಕಿಗಳನ್ನು ಮುಚ್ಚಿಕೊಂಡೆವು.

ಮರುದಿನ ಸಾಹೇಬರು ಕೋಪದಿಂದ ಕುದಿಯುತ್ತಿದ್ದರು. “ಇಷ್ಟು ಒಳ್ಳೆಯ ಸುದ್ದಿ ಓದಿದರೆ ಅಳ್ತಾರಲ್ರೀ ಈ ಜನ! ಇನ್ನೆರಡು ತಿಂಗಳಿಗೆ ಪರದೇಶದ ಅತಿಥಿಗಳು ಬರ್ತಾರೆ. ಅವರ ಎದುರಿಗೂ ಹೀಗೇ ಆದರೆ? ತಾವಾಗಿ ನಡೆದು ಹತ್ತಬೇಕು, ತಿಳೀತೇನು? ತಾವಾಗಿ!”

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಚಿಕ್ಕಂದಿನಲ್ಲಿ ನಮ್ಮ ಮನೆ ಹೊಳೆಬೀದಿಯ ಬೆನ್ನಿಗೇ ಇತ್ತು. ನನಗೊಬ್ಬನಿಗೇ ಗೊತ್ತಿರುವ ಸಂಗತಿ ಬಾಯಲ್ಲಿ ತುರಿಸತೊಡಗಿತು.

“ಅವರು ಹಾಗೆ ಬರೆಯೋದಿಲ್ಲ ಸಾಹೇಬರೇ,” ಎಂದೆ. “ತಕರಾರಿಲ್ಲದೆ ಅವರು ಕಾಗದಾನೇ ಬರೆಯೋದಿಲ್ಲ.”

ನಿಜ ಸಂಗತಿ ಅದು. ಎಲ್ಲ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಆ ಬೀದಿಯವರ ನಂಬಿಕೆ. ಮಗಳ ಮದುವೆಯ ಕಾಗದದಲ್ಲೂ, ಹಪ್ಪಳ ಸರಿಯಾಗಿ ಸುಡಲಿಲ್ಲ ಎಂದೊಂದು ಸಾಲು ಇರಲೇಬೇಕು. ಮೊಮ್ಮಗ ಹುಟ್ಟಿದ ಎಂದು ಬರೆದರೆ, ಮೂಗು ಮಾತ್ರ ಸೋದರಮಾವನದು ಎಂದು ಸೇರಿಸಬೇಕು. ಕೊರತೆ ಇರುವುದು ಬದುಕಿರುವವರಿಗೆ. ಸತ್ತವರಿಗೆ ಏನೂ ಬೇಡ. ಹಾಗಾಗಿ ಯಾವ ತಕರಾರೂ ಇಲ್ಲದ ಕಾಗದ ಬಂದರೆ ಅದನ್ನು ಬದುಕಿದ್ದವರು ಬರೆದಿದ್ದಲ್ಲ ಎಂದೇ ಅವರು ತಿಳಿಯುತ್ತಿದ್ದರು. ಮೇಲಿನ ಬೀದಿಗಳಲ್ಲಿ ನಾವು ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಗೊಣಗುಬೀದಿ ಎಂದು ಅಡ್ಡಹೆಸರಿಟ್ಟಿದ್ದೆವು.

ಸಾಹೇಬರು ಎದ್ದು ಬಂದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. ಅಷ್ಟು ದೊಡ್ಡ ಕೈ ನನ್ನ ಮೈಮೇಲೆ ಬಿದ್ದದ್ದು ಅದೇ ಮೊದಲು. ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು.

ಆ ಮಧ್ಯಾಹ್ನವೇ ಓದುವಮ್ಮನನ್ನು ಕರೆತಂದರು. ಆ ಬೀದಿಯಲ್ಲಿ ನಲವತ್ತು ವರ್ಷದಿಂದ ಎಲ್ಲರಿಗೂ ಅಕ್ಷರ, ಒಕ್ಕಣೆ ಕಲಿಸಿದವಳು, ಬಂದ ಕಾಗದಗಳನ್ನು ಓದಿ ಹೇಳಿದವಳು ಅವಳು. ಯಾವ ಮನೆಗೆ ಯಾವ ತಕರಾರು ಒಪ್ಪುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಜೊತೆ ತಂಗಿಯನ್ನೂ ತಂದರು. ತಂಗಿ ಆ ಬೀದಿಗೇ ದೊಡ್ಡ ಗೊಣಗುಗಾತಿ. ಕಚೇರಿಯ ಮೆಟ್ಟಿಲು ಹತ್ತುವಾಗಲೇ, “ಇದೇನು ಮೆಟ್ಲಾ, ಒಂದೊಂದು ಒಂದೊಂದು ಎತ್ತರ, ಕಟ್ಟಿದೋನಿಗೆ ಕಣ್ಣಿತ್ತಾ?” ಎನ್ನುತ್ತ ಬಂದಳು.

ಸಾಹೇಬರು ಓದುವಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದರು. “ನೋಡಮ್ಮಾ, ನಿಮ್ಮ ಜನ ವೃಥಾ ಹೆದರ್ತಿದ್ದಾರೆ. ಹೆದರಿಕೆ ಹೋಗೋ ಹಾಗೆ ಒಕ್ಕಣೆ ಸರಿಮಾಡಿಕೊಡು. ಮೆಟ್ಟಿಲ ಮೇಲೂ ನೀನೇ ಓದು. ನಿನ್ನ ತಂಗಿ ಈ ಕಚೇರಿಯಲ್ಲೇ, ಹಿಂದಿನ ಕೋಣೆಯಲ್ಲಿರ್ತಾಳೆ. ನೀನು ಬರೀತಿರೋವರೆಗೂ ಅವಳು ದೋಣಿ ಹತ್ತೋದಿಲ್ಲ.”

ಓದುವಮ್ಮ ನೆಲ ನೋಡುತ್ತ ಕೇಳಿದಳು. “ಹೋದೋರು ಎಲ್ಲವ್ರೆ ಸ್ವಾಮಿ?”

“ಕಾಗದ ಬಂದಿದೆಯಲ್ಲ,” ಎಂದರು ಸಾಹೇಬರು.

ಅವಳು ಲೇಖನಿ ತೆಗೆದುಕೊಂಡಳು. ಮೊದಲ ದಿನ ಬರೆದದ್ದು ನನಗೆ ಇನ್ನೂ ಬಾಯಿಪಾಠ. ‘ಸುಖವಾಗಿ ತಲುಪಿದೆವು. ಮನೆ ಪರವಾಗಿಲ್ಲ. ಅನ್ನ ಮಾತ್ರ ಮುದ್ದೆಯಾಗಿರುತ್ತದೆ, ಬೇಯಿಸುವವಳಿಗೆ ನೀರಿನ ಅಂದಾಜಿಲ್ಲ.’ ನಾನು ಅದನ್ನು ದುಂಡಗೆ ನಕಲು ಮಾಡಿ ಆಚೆ ದಡಕ್ಕೆ ಕಳಿಸಿದೆ. ಹಿಂದಿನ ದಿನ ಹೋದವರನ್ನು ಹೊಸ ಒಕ್ಕಣೆ ಬರುವವರೆಗೆ ಮೇಜಿನ ಬಳಿಯೇ ಕಾಯಿಸಿದ್ದರು. ಎಂಟನೆಯ ದಿನ ಅದೇ ಸಾಲು ಮೂವತ್ತೆಂಟು ಕೈಬರಹಗಳಲ್ಲಿ ಹಿಂದಿರುಗಿತು.

ಅವಳು ಮೆಟ್ಟಿಲ ಮೇಲೆ ನಿಂತು ಓದಿದಳು. ಅನ್ನದ ಮಾತು ಬಂದಾಗ ಹೊಳೆಬೀದಿಯವರ ಮುಖದಲ್ಲಿ ರಕ್ತ ಮರಳಿತು. ಒಬ್ಬ ಮುದುಕ, “ಅಯ್ಯೋ, ನನ್ನ ಸೊಸೇನೇ ಬೇಯಿಸ್ತಿರಬೇಕು!” ಎಂದ. ಎಲ್ಲರೂ ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ನಗುತ್ತಲೇ ದೋಣಿ ಹತ್ತಿದರು. ವಾದ್ಯದವರಿಗೆ ಆ ದಿನ ಜೋರಾಗಿ ನುಡಿಸುವ ಅಗತ್ಯವೇ ಬೀಳಲಿಲ್ಲ.

ಹೀಗೆ ದೋಣಿಗಳು ಹೋದವು. ಪ್ರತಿ ದೋಣಿಗೊಂದು ತಕರಾರು. ಹಾಸಿಗೆಯಲ್ಲಿ ತಿಗಣೆ. ಪಕ್ಕದ ಮನೆಯವರ ಗೊರಕೆ. ಬಾವಿಯ ಹಗ್ಗ ಮೋಟು. ಪ್ರತಿ ತಕರಾರಿಗೂ ಒಂದು ದೋಣಿ ಜನ ನೆಮ್ಮದಿಯಿಂದ ನಡೆದು ಹೋದರು. ಮೇಲಿನ ಬೀದಿಯಲ್ಲಿ ಅಗ್ಗದ ಬಟ್ಟೆಯಂಗಡಿ ತೆರೆದರು. ಒಳ್ಳೆಯ ಉಣ್ಣೆಯ ಅಂಗಿಗಳು, ಜೊತೆಜೊತೆಯಾಗಿ ದಾರ ಕಟ್ಟಿದ ಮಕ್ಕಳ ಚಪ್ಪಲಿಗಳು ಅಲ್ಲಿ ಸಿಗುತ್ತಿದ್ದವು. ನನ್ನ ಹೆಂಡತಿ ಒಂದು ಶಾಲು ತಂದಳು. ಯಾರದು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಾಳಿ ಹೊಳೆಯ ಕಡೆಯಿಂದ ಬೀಸುವ ದಿನ ಇಡೀ ಬೀದಿಯೇ ಧೂಪ ಹಾಕಿಕೊಳ್ಳುತ್ತಿತ್ತು.

ಓದುವಮ್ಮ ಬರೆಯುವಾಗ ನಾನು ಎದುರಿಗೆ ಕೂರುತ್ತಿದ್ದೆ. ಗೋಡೆಯ ಆಚೆಯಿಂದ ತಂಗಿಯ ದನಿ ದಿನವೂ ಬರುತ್ತಿತ್ತು. “ಗಂಜಿಗೆ ಉಪ್ಪಿಲ್ಲ! ಕಂಬಳೀಲಿ ತೂತು! ಕಾವಲಿನೋನೇ, ನಿನ್ನ ಬೂಟು ಕಿರ್ ಅಂತದೆ, ಎಣ್ಣೆ ಹಾಕೋ!” ಆ ದನಿ ಬಂದ ಕೂಡಲೇ ಓದುವಮ್ಮನ ಲೇಖನಿ ಚಲಿಸುತ್ತಿತ್ತು. ಅದನ್ನು ಕೇಳುವವರೆಗೆ ಅವಳು ಮಸಿಗೆ ಅದ್ದುತ್ತಲೂ ಇರಲಿಲ್ಲ.

ಒಂದು ದಿನ ಅವಳು ತಲೆ ಎತ್ತದೆ ಕೇಳಿದಳು. “ನಾನು ಕೊಟ್ಟ ತಕರಾರನ್ನೇ ಎಲ್ರೂ ಬರೀತಾರೇನಪ್ಪಾ?”

“ಹೌದಮ್ಮಾ.”

“ಬರೆದ ಮ್ಯಾಲೆ?”

ನಾನು ಲೇಖನಿ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. “ನಂಗೊತ್ತು,” ಎಂದಳು. “ನಿನಗೂ ಗೊತ್ತು. ಅವಳ ದನಿ ಕೇಳಿಸ್ತಿರೋವರ್ಗೂ ನಾನು ಏನೂ ಗೊತ್ತಿಲ್ಲದೋಳ ಥರ ಇರ್ತೀನಿ. ನಾನು ಕೆಟ್ಟೋಳು ಕಣಪ್ಪಾ. ಏನು ಮಾಡ್ಲಿ, ಒಬ್ಬಳೇ ತಂಗಿ.” ಆಮೇಲೆ ಬಾವಿಯ ಹಗ್ಗದ ಬಗ್ಗೆ ಬರೆಯತೊಡಗಿದಳು.

ಅತಿಥಿಗಳು ನೋಡಲಿದ್ದ ದೋಣಿಗಿಂತ ಹಿಂದಿನ ದೋಣಿ ಹೋದ ದಿನ, ಹಿಂದಿನ ಕೋಣೆಯಿಂದ ದನಿ ಬರಲಿಲ್ಲ. ತಂಗಿಗೆ ಜ್ವರ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು ಸಾಹೇಬರು. ಗುಣವಾದ ಮೇಲೆ ಕಾಣಿಸುತ್ತೇವೆ ಎಂದರು. ನಿಜವೇನೆಂದರೆ ಆ ದೋಣಿಗೆ ಲೆಕ್ಕದಲ್ಲಿ ಒಬ್ಬರು ಕಡಿಮೆ ಬಿದ್ದಿದ್ದರು, ಒಬ್ಬಳು ಕೈಗೆ ಹತ್ತಿರವಿದ್ದಳು. ಇದನ್ನು ನಾನು ತಿಳಿದದ್ದು ಆಮೇಲೆ. ಓದುವಮ್ಮ ಎಂಟು ದಿನ ಗೋಡೆಗೆ ಕಿವಿಕೊಟ್ಟು ಕೂತಳು.

ಎಂಟನೆಯ ದಿನ ಕಾಗದದ ಕಟ್ಟು ಬಂತು. ಕಟ್ಟನ್ನು ಬಿಚ್ಚಿ ಒಂದೊಂದನ್ನೂ ಪರೀಕ್ಷಿಸಿ ಅವಳ ಕೈಗೆ ಕೊಡುವುದು ನನ್ನ ಕೆಲಸ. ಒಕ್ಕಣೆ ಸರಿಯಿದೆಯೇ, ಯಾರಾದರೂ ಒಂದು ಸಾಲು ಹೆಚ್ಚಿಗೆ ಸೇರಿಸಿದ್ದಾರೆಯೇ ಎಂದು ನೋಡುತ್ತಿದ್ದೆ. ಕೆಳಗಿನ ಹೆಸರು ಓದುವುದನ್ನು ಬಿಟ್ಟು ಎಷ್ಟೋ ದಿನಗಳಾಗಿದ್ದವು. ಹೆಸರು ಓದಿದರೆ ಅನ್ನ ಸೇರುತ್ತಿರಲಿಲ್ಲ. ಹಾಗಾಗಿ ಆ ಕಾಗದವನ್ನೂ ಸರಿಯಿದೆ ಎಂದು ಮುದ್ರೆ ಒತ್ತಿ ಕೊಟ್ಟುಬಿಟ್ಟೆ.

ಓದುವಮ್ಮ ಅದನ್ನು ಹಿಡಿದು ನಿಂತಳು. ಹಾಗೇ ನಿಂತಳು. ಆಗ ನಾನು ಬಗ್ಗಿ ನೋಡಿದೆ. ‘ಅಕ್ಕನಿಗೆ’ ಎಂದು ಶುರುವಾಗಿತ್ತು. ‘ಸುಖವಾಗಿ ತಲುಪಿದೆವು. ಮನೆ ಪರವಾಗಿಲ್ಲ. ಸಂಜೆಯಾದರೆ ಸೊಳ್ಳೆ, ಪರದೆ ಕೊಟ್ಟಿದ್ದಾರೆ ಆದರೆ ಹರಿದಿದೆ.’ ಕೆಳಗೆ ತಂಗಿಯ ಹೆಸರು. ಹರಿದ ಪರದೆಯ ಸಾಲನ್ನು ಓದುವಮ್ಮ ನನ್ನ ಎದುರಿಗೇ, ಇದೇ ಮೇಜಿನ ಮೇಲೆ ಬರೆದಿದ್ದಳು. ಅದನ್ನು ನಕಲು ಮಾಡಿದವನು ನಾನು.

ಅವಳು ಕೂಗಾಡಲಿಲ್ಲ. “ಎಷ್ಟು ಹೊತ್ತಿಗೆ ಓದ್ಬೇಕು?” ಎಂದಷ್ಟೇ ಕೇಳಿದಳು. ಸಾಹೇಬರಿಗೆ ಹೇಳಬೇಕಿತ್ತು. ಹೇಳಿದರೆ ನನ್ನ ತಪ್ಪೂ ಹೊರಬೀಳುತ್ತಿತ್ತು. ಅದಕ್ಕೆ ಹೇಳಲಿಲ್ಲ.

ಮೆಟ್ಟಿಲ ಪಕ್ಕ ಬಿಳಿ ಬಟ್ಟೆ ಹಾಸಿದ ಕುರ್ಚಿಗಳಲ್ಲಿ ಪರದೇಶದ ಅತಿಥಿಗಳು ಕೂತಿದ್ದರು. ಅವರ ಮುಂದೆ ಹಣ್ಣಿನ ರಸ, ಕೈಯಲ್ಲಿ ಬಿಳಿ ಕೊಡೆ. ಕಾವಲಿನವರ ಕೋಲುಗಳನ್ನು ಆ ದಿನ ಮನೆಯಲ್ಲೇ ಬಿಡಿಸಿದ್ದರು. ಎಲ್ಲರ ಎದೆಗೂ ಹೂ ಸಿಕ್ಕಿಸಿದ್ದರು. ಕೆಳಗೆ ಹೊಳೆಬೀದಿಯ ಕೊನೆಯ ಮನೆಗಳ ನಲವತ್ತಮೂರು ಮಂದಿ. ತಲೆ ಬಾಚಿಕೊಂಡು, ಗಂಟು ಹಿಡಿದು, ಓದುವಮ್ಮನನ್ನೇ ನೋಡುತ್ತಿದ್ದರು. ಈ ಸಲ ಏನು ತಕರಾರೋ ಎಂದು ಕೆಲವರು ಆಗಲೇ ನಗಲು ಸಿದ್ಧರಾಗಿದ್ದರು.

ಅವಳು ತಂಗಿಯ ಕಾಗದ ತೆರೆದಳು.

“ಸುಖವಾಗಿ ತಲುಪಿದೆವು,” ಎಂದು ಓದಿದಳು. “ಮನೆ ಚೆನ್ನಾಗಿದೆ. ಊಟ ಚೆನ್ನಾಗಿದೆ. ಗಾಳಿ ಚೆನ್ನಾಗಿದೆ. ಇಲ್ಲಿ ಯಾವುದಕ್ಕೂ ಕೊರತೆಯಿಲ್ಲ.” ಕಾಗದ ಮಡಿಸಿದಳು. “ನನ್ನ ತಂಗಿ ಬರೆದವ್ಳೆ,” ಎಂದಳು.

ಅತಿಥಿಗಳಿಗೆ ಯಾರೋ ಅದನ್ನು ಅವರ ಭಾಷೆಯಲ್ಲಿ ಹೇಳಿದರು. ಅವರು ಮುಗುಳ್ನಕ್ಕು ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು.

ಆ ತಂಗಿಯ ಬಾಯಿ ಹೊಳೆಬೀದಿಯವರೆಲ್ಲರಿಗೂ ಗೊತ್ತಿತ್ತು. ಆಮೇಲೆ ಕೈಗೂಸಿನ ತಾಯಿಯೊಬ್ಬಳು ಒಂದು ಮೆಟ್ಟಿಲು ಮೇಲೆ ಬಂದಳು. ಸಣ್ಣ ದನಿಯಲ್ಲಿ, “ಇನ್ನೂ ಐತೆ ಅಲ್ವೇನಕ್ಕಾ? ಮುಂದಕ್ಕೆ ಓದು,” ಎಂದಳು.

“ಇಲ್ಲ ಕಣವ್ವಾ. ಇಷ್ಟೇ.”

“ನೀನು ಬಿಟ್ಟುಬಿಟ್ಟಿದ್ದೀಯ. ಸರಿಯಾಗಿ ನೋಡಕ್ಕಾ. ಉಪ್ಪು ಕಮ್ಮಿ ಅಂತಾದ್ರೂ ಬರೆದಿರ್ತಾಳೆ.”

“ಬರೆದಿಲ್ಲ.”

“ನನ್ನ ಗಂಡ ಹೋಗವ್ನೆ,” ಎಂದಳು ತಾಯಿ. “ನಿನ್ನ ಕಾಲಿಗೆ ಬೀಳ್ತೀನಿ, ಒಂದು ತಕರಾರು ಓದು. ಸುಳ್ಳಾದ್ರೂ ಸರಿ, ಒಂದು ಓದು.”

ಹಿಂದಿದ್ದವರೂ ಬೇಡತೊಡಗಿದರು, ಪಿಸುಮಾತಿನಲ್ಲೇ. ಒಂದು ಓದಮ್ಮಾ. ಒಂದೇ ಒಂದು. ನಾನು ಎಷ್ಟೋ ಭಯ ನೋಡಿದ್ದೇನೆ, ನನ್ನದನ್ನಂತೂ ದಿನಾ ನೋಡುತ್ತೇನೆ, ಆದರೆ ಜನ ಸುಳ್ಳಿಗಾಗಿ ಹೀಗೆ ಕೈಮುಗಿದದ್ದನ್ನು ನೋಡಿರಲಿಲ್ಲ. ಓದುವಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಆಡಿಸಿದಳು.

ತಾಯಿ ಮಗುವನ್ನು ಎದೆಗೆ ಒತ್ತಿಕೊಂಡಳು. ಗಂಟನ್ನು ಅಲ್ಲೇ ಕೆಳಗಿಟ್ಟಳು. “ಕೂಸಿನ ಟೋಪಿ ಮರೆತು ಬಂದೆ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮೆಟ್ಟಿಲು ಹತ್ತಿದಳು. ಕಾವಲಿನವನು ಕೈ ಅಡ್ಡ ಚಾಚಿ, ಅತಿಥಿಗಳ ಕಡೆ ನೋಡಿ, ಕೈ ಇಳಿಸಿದ. ಅತಿಥಿಗಳಲ್ಲಿ ಒಬ್ಬಾಕೆ ಮಗುವಿನ ಕೆನ್ನೆ ಮುಟ್ಟಿ ದಾರಿ ಬಿಟ್ಟಳು. ತಾಯಿ ಓಡಲಿಲ್ಲ. ಮೂಲೆ ತಿರುಗುವವರೆಗೂ ನಡೆದೇ ಹೋದಳು.

ಅವಳ ಹಿಂದೆ ಇಬ್ಬರು ಅಕ್ಕತಂಗಿಯರು ನೀರಿನ ಚೊಂಬು ಮರೆತರು. ಒಬ್ಬ ಅಗಸ ತನ್ನ ಬೀಗದ ಕೈ ಮರೆತ. ಗಂಡಹೆಂಡತಿ ಒಲೆ ಆರಿಸುವುದನ್ನು ಮರೆತರು. ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಿಳಿ ಕೊಡೆಗಳ ನಡುವಿನಿಂದ ಹೊರಟರು. ಅತಿಥಿಗಳು ಎದ್ದು ಎದ್ದು ಜಾಗ ಬಿಡುತ್ತಿದ್ದರು.

ಸಾಹೇಬರು ನಗುಮುಖ ಬಿಡದೆ ನನ್ನ ಕಿವಿಯ ಹತ್ತಿರ ಬಾಗಿದರು. “ಏನ್ರೀ ಇದು? ಚೆನ್ನಾಗೇ ಓದಿದಳಲ್ಲ. ಯಾಕೆ ಹೋಗ್ತಿದ್ದಾರೆ?”

ಇಡೀ ಮೆಟ್ಟಿಲಲ್ಲಿ ಅದರ ಉತ್ತರ ಗೊತ್ತಿದ್ದ ನೌಕರ ನಾನೊಬ್ಬನೇ. ಅಂದು ಇಷ್ಟುದ್ದ ವಿವರಿಸಿದ್ದೆ, ಅವರು ಮರೆತಿದ್ದರು. ನಾನು ಬಾಯಿ ತೆರೆದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಓದುವಮ್ಮ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಒಬ್ಬರು ಹೋದರು, ಇನ್ನೊಬ್ಬರು ಹೋದರು. ಹನ್ನೊಂದು ಮಂದಿ ಹೋದರು.

ಆ ಹನ್ನೊಂದರಲ್ಲಿ ಕೆಲವರು ಎಲ್ಲೋ ದೂರದ ಊರಿನಲ್ಲಿ ಇದ್ದಾರಂತೆ. ಕಚೇರಿಯ ಗುಮಾಸ್ತ ಗಟ್ಟಿ ಮನುಷ್ಯ, ಕೊರಳ ಮೇಲೆ ಕತ್ತಿಯಿದ್ದರೂ ಬಾಯಿ ಬಿಡಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಾರಂತೆ. ಅದು ಗಟ್ಟಿತನವಾಗಿರಲಿಲ್ಲ. ಭಯಕ್ಕೆ ದನಿ ಹೊರಡಲಿಲ್ಲ, ಅಷ್ಟೇ.

ಸಾಹೇಬರು ನನ್ನ ಮುಂಗೈ ಹಿಡಿದು ಎರಡನೆಯ ಸಲ ಕೇಳಿದರು. ಆಗ ಹೊರಟಿತು. ಎಲ್ಲವನ್ನೂ ಹೇಳಿಬಿಟ್ಟೆ.

ಹನ್ನೆರಡನೆಯವನು, ಕನ್ನಡಕ ಮರೆತೆನೆಂದು ಹೊರಟಿದ್ದ ಒಬ್ಬ ಮುದುಕ, ಆಗಷ್ಟೇ ಮೇಲಿನ ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.